ಮಾವನ ಪದ, ಅಳಿಯನ ಇಂಟರ್‌ಫೇಸು: ನೀರ್ಚಾಲಿನ ಒಂದು ಮನೆಯಲ್ಲಿ ರೆಕಾರ್ಡಿಂಗ್ ಶುರುವಾದ ಬಗೆ

ಈ ಪ್ರಕರಣದಲ್ಲಿ ಮುಖ್ಯವಾಗಿ ಇಬ್ಬರು. ಒಬ್ಬರು ಕಾಸರಗೋಡಿನ ನೀರ್ಚಾಲು ಕಡೆಯ ನಿವೃತ್ತ ಮಾಸ್ಟ್ರು. ಕನ್ನಡ ಶಾಲೆಯಲ್ಲಿ ಪಾಠ ಮಾಡಿದವರು, ಊರಿನ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಕೂಟಗಳಲ್ಲಿ ತೆಂಕುತಿಟ್ಟಿನ, ಅಂದರೆ ತೆಂಕಣ ಶೈಲಿಯ, ಪದ ಹೇಳುತ್ತಾ ಬಂದವರು. ಇನ್ನೊಬ್ಬ ಅವರ ತಂಗಿಯ ಮಗ, ಮಂಗಳೂರಿನಲ್ಲಿ ಓದುವ ಹುಡುಗ. ಮಾವ ಕಲಿತಿರುವ ಹಳೇ ಮಟ್ಟುಗಳು (ಧಾಟಿಗಳು) ಈಗ ಆಟದಲ್ಲಿ, ಅಂದರೆ ಯಕ್ಷಗಾನ ಪ್ರದರ್ಶನದಲ್ಲಿ, ಕೇಳಸಿಗುವುದು ಕಡಿಮೆ. ಅವನ್ನು ಚೆನ್ನಾಗಿ ರೆಕಾರ್ಡ್ ಮಾಡಿ ಇಡಬೇಕು ಅನ್ನುವುದು ಅಳಿಯನ ಆಸೆ.

ಮೊಬೈಲಿನಲ್ಲಿ ಅವನು ಮೊದಲೇ ಪ್ರಯತ್ನ ಮಾಡಿದ್ದ. ಅದು ಸರಿ ಬರಲಿಲ್ಲ. ಫೋನು ಬಂದ ಸದ್ದನ್ನು ತಾನೇ ಏರಿಸುತ್ತದೆ, ತಾನೇ ಇಳಿಸುತ್ತದೆ. ಪದದ ಜೊತೆ ಬಾರಿಸುವ ಜಾಗಟೆ ಬಿದ್ದ ಕೂಡಲೇ ಇಳಿಸುತ್ತದೆ. ಮತ್ತೆ ಏರಿಸುವಷ್ಟರಲ್ಲಿ ಪದದ ಎರಡಕ್ಷರ ಹೋಗಿರುತ್ತದೆ. ಎಡೆಬಿಡದೆ ಬರುವ ಶ್ರುತಿಯನ್ನಂತೂ ಕೆಲವು ಫೋನುಗಳು ಫ್ಯಾನಿನ ಸದ್ದು ಅಂತ ತಿಳಿದು ಅಳಿಸಿಯೇ ಬಿಡುತ್ತವೆ. ಮಾತಾಡಲು ಮಾಡಿದ ಯಂತ್ರ, ಅದರ ತಪ್ಪಲ್ಲ.

ನಾನು ಈ ಕಡೆಯ ಜಾತ್ರೆ, ಆಟ, ಮದುವೆಗಳಿಗೆ ಮೈಕ್ ಹಾಕುವವನು. ಮಾಸ್ಟ್ರ ಕೂಟಕ್ಕೂ ಹಾಕಿದ್ದೇನೆ. ಹಾಗಾಗಿ ಹುಡುಗ ನನಗೆ ಫೋನ್ ಮಾಡಿದ.

ಏನು ತಂದರು

ಮೈಕಿನ ಸದ್ದನ್ನು ಕಂಪ್ಯೂಟರಿಗೆ ಮುಟ್ಟಿಸುವ ಪೆಟ್ಟಿಗೆಗೆ ಇಂಟರ್‌ಫೇಸ್ ಅನ್ನುತ್ತಾರೆ. ಹುಡುಗ ಮೊದಲು ನೋಡಿಟ್ಟದ್ದು ಫೋಕಸ್‌ರೈಟ್‌ನ ಸ್ಕಾರ್ಲೆಟ್ ಸೋಲೋ. ಒಬ್ಬರೇ ಹಾಡುವುದಾದರೆ ಅದು ಸಾಕು. ಆದರೆ ಅದರಲ್ಲಿ ಮೈಕಿಗೆ ಇರುವ ಜಾಗ ಒಂದೇ. ಎರಡನೇ ತೂತು ಗಿಟಾರಿಗೋ ಲೈನಿಗೋ ಇರುವಂಥದ್ದು, ಅಲ್ಲಿ ಮೈಕ್ ಹಾಕಲು ಬರುವುದಿಲ್ಲ. ಪದ ಅಂದ ಮೇಲೆ ಮದ್ದಳೆ ಬರುತ್ತದೆ, ಮದ್ದಳೆ ಬಂದರೆ ಇನ್ನೊಂದು ಮೈಕ್ ಬೇಕು. ಅದಕ್ಕೇ ಅದೇ ಕಂಪನಿಯ, ಎರಡು ಮೈಕ್ ಹಾಕಬಹುದಾದ 2ಐ2 ತೆಗೆದುಕೊಳ್ಳಲು ಹೇಳಿದೆ. ಮೂರನೇ ಜನರೇಶನ್‌ನದ್ದು, ಬಳಸಿದ್ದು ಸಿಕ್ಕಿತು. ಅದರ ಜೊತೆಗೆ ಒಂದು ಸಾಧಾರಣ ಕಂಡೆನ್ಸರ್ ಮೈಕ್ (ಪೆಟ್ಟಿಗೆಯಿಂದ 48 ವೋಲ್ಟ್ ಕೊಟ್ಟರೆ ಕೆಲಸ ಮಾಡುವಂಥದ್ದು), ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಸ್ಟ್ಯಾಂಡ್. ಲ್ಯಾಪ್‌ಟಾಪ್ ಹುಡುಗನದೇ, ಹಳೆಯದು. ಸಾಫ್ಟ್‌ವೇರ್ ರೀಪರ್. ಅದನ್ನು 60 ದಿನ ದುಡ್ಡು ಕೊಡದೆ ಪೂರ್ತಿಯಾಗಿ ಬಳಸಿ ನೋಡಬಹುದು.

ನನ್ನನ್ನು ಕೇಳಿದರೆ ಹೊಸಬರಿಗೆ ಕಂಡೆನ್ಸರ್ ಮೈಕಿನ ಅಗತ್ಯವೇ ಇಲ್ಲ. ಮದುವೆ ಮನೆಗೆ ಒಯ್ಯುವಂಥ, ಕರೆಂಟು ಬೇಡದ ಡೈನಾಮಿಕ್ ಮೈಕನ್ನು ಬಾಯಿ ಹತ್ತಿರ ಇಟ್ಟುಕೊಂಡರೆ ಅರ್ಧ ತಲೆನೋವು ಇರುವುದಿಲ್ಲ. ಆದರೆ ಆ ಮೈಕ್ ಆಗಲೇ ಮನೆಗೆ ಬಂದಾಗಿತ್ತು.

48 ವೋಲ್ಟ್ ಉಂಟು, ಸದ್ದು ಇಲ್ಲ

ಮೊದಲ ಫೋನ್ ಹೀಗಿತ್ತು: "ಅಣ್ಣಾ, 48 ವೋಲ್ಟಿನ ಕೆಂಪು ದೀಪ ಉರೀತಾ ಉಂಟು. ಮೈಕಿನಲ್ಲಿ ಮಾತ್ರ ಎಂತದೂ ಕೇಳ್ತಾ ಇಲ್ಲ."

ಅಷ್ಟರಲ್ಲಿ ಅವನು ಡ್ರೈವರ್ ತೆಗೆದು ಮತ್ತೆ ಹಾಕಿದ್ದ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್ ಎಲ್ಲ ತಿರುವಿದ್ದ. ಯುಎಸ್‌ಬಿ ಹಬ್ ಬದಲಿಸಿದ್ದ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಕೆಟ್ಟಿತು, ಯಾವುದರಿಂದ ಸರಿಯಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಸದ್ದು ಹೋಗುವ ದಾರಿ ಒಂದೇ: ಬಾಯಿ, ಮೈಕ್, ಕೇಬಲ್, ಪೆಟ್ಟಿಗೆ, ಯುಎಸ್‌ಬಿ, ಸಾಫ್ಟ್‌ವೇರ್, ಹೆಡ್‌ಫೋನ್. ಬಾಯಿಯ ಕಡೆಯಿಂದಲೇ ನೋಡುತ್ತಾ ಬಾ ಅಂದೆ. ಮೈಕ್ ಸರಿ. ಕೇಬಲ್ಲಿನ ಫೋಟೋ ಕಳಿಸಿದ, ರೋಗ ಅಲ್ಲೇ ಇತ್ತು.

ಕೇಬಲ್ಲಿನ ಒಂದು ತುದಿಯಲ್ಲಿ ಮೂರು ಕಾಲಿನ ಎಕ್ಸ್‌ಎಲ್‌ಆರ್, ಇನ್ನೊಂದು ತುದಿಯಲ್ಲಿ ಕಾಲಿಂಚಿನ ದಪ್ಪ ಪಿನ್ನು. ಹಳೇ ಆಂಪ್ಲಿಫೈಯರುಗಳಿಗೆ ನಾವು ಇಂಥದ್ದನ್ನೇ ಚುಚ್ಚುತ್ತೇವೆ. ಇಂಟರ್‌ಫೇಸಿನ ಮುಂದಿನ ತೂತು ಎರಡೂ ಬಗೆಯದನ್ನು ತೆಗೆದುಕೊಳ್ಳುತ್ತದೆ. ಸುತ್ತ ಇರುವ ಮೂರು ಕಿಂಡಿ ಎಕ್ಸ್‌ಎಲ್‌ಆರ್‌ಗೆ, ನಡುವಿನ ದೊಡ್ಡ ತೂತು ದಪ್ಪ ಪಿನ್ನಿಗೆ. 48 ವೋಲ್ಟ್ ಬರುವುದು ಎಕ್ಸ್‌ಎಲ್‌ಆರ್ ಕಿಂಡಿಯಲ್ಲಿ ಮಾತ್ರ. ನಡುವಿನ ತೂತಿಗೆ ಅದು ಬರುವುದೇ ಇಲ್ಲ. ದೀಪ ಉರಿಯುತ್ತದೆ, ಮೈಕಿಗೆ ಕರೆಂಟು ಮುಟ್ಟುವುದಿಲ್ಲ. ಎರಡೂ ಕಡೆ ಎಕ್ಸ್‌ಎಲ್‌ಆರ್ ಇರುವ ಕೇಬಲ್ ಕೊಟ್ಟು ಕಳಿಸಿದೆ. ಹಾಕಿದ ಕೂಡಲೇ ಮೈಕ್ ಬಾಯಿ ಬಿಟ್ಟಿತು.

ಹೆಡ್‌ಫೋನಿನ ವಾಲ್ಯೂಮ್ ಪೂರ್ತಿ ಇಳಿಸಿ, ಮೈಕ್ ಸಿಕ್ಕಿಸಿ, ಆಮೇಲೆ 48 ವೋಲ್ಟ್ ಒತ್ತಬೇಕು. ತೆಗೆಯುವಾಗ ಮೊದಲು ಅದನ್ನು ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಕೇಬಲ್ ಕಳಚಬೇಕು. ಇಲ್ಲದಿದ್ದರೆ ಕಿವಿಯಲ್ಲಿ ಠಪ್ ಅನ್ನುತ್ತದೆ. ಹಾಗೇ, ಹಬ್ ತೆಗೆಸಿ ಇಂಟರ್‌ಫೇಸನ್ನು ನೇರ ಲ್ಯಾಪ್‌ಟಾಪಿಗೆ ಹಾಕಿಸಿದೆ. ಅದು ಯುಎಸ್‌ಬಿಯಿಂದಲೇ ಕರೆಂಟು ಎಳೆಯುವಂಥದ್ದು.

ಒಂದೇ ಕಿವಿ, ಅದೂ ತಡವಾಗಿ

ಧ್ವನಿ ಬಂತು. ಆದರೆ ಎಡಗಿವಿಯಲ್ಲಿ ಮಾತ್ರ. ಹೆಡ್‌ಫೋನ್ ಹಾಳಾಗಿದೆ ಅಂತ ಹುಡುಗ ಅದನ್ನು ವಾಪಸು ಮಾಡಲು ಹೊರಟಿದ್ದ. ಹೆಡ್‌ಫೋನಿಗೆ ಏನೂ ಆಗಿರಲಿಲ್ಲ. ಒಂದನೇ ಇನ್‌ಪುಟ್ ಎಡಕ್ಕೆ, ಎರಡನೇದು ಬಲಕ್ಕೆ ಅಂತ ಸ್ಟೀರಿಯೋ ಲೆಕ್ಕ. ಒಂದೇ ಮೈಕ್ ಇಟ್ಟು ಸ್ಟೀರಿಯೋ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿದರೆ ಬಲಗಡೆ ಖಾಲಿಯೇ. ರೀಪರ್‌ನಲ್ಲಿ ಟ್ರ್ಯಾಕಿನ ಇನ್‌ಪುಟ್ಟನ್ನು ಮೋನೋ, 1 ಅಂತ ಮಾಡಿದರೆ ಎರಡೂ ಕಿವಿಗೆ ಬಂತು.

ತಡದ ಸಮಸ್ಯೆಯನ್ನು ಕಂಡುಹಿಡಿದವರು ಮಾಸ್ಟ್ರೇ. ಹೆಡ್‌ಫೋನ್ ಹಾಕಿ ಎರಡು ಸಾಲು ಹೇಳಿ ನಿಲ್ಲಿಸಿಬಿಟ್ಟರು. "ಎಂತ ಮಾರಾಯಾ ಇದು, ನನ್ನ ಹಿಂದೆ ಇನ್ನೊಬ್ಬ ಭಾಗವತ ಕೂತು ಅದೇ ಪದ ಹೇಳ್ತಾನೆ!"

ಅವರು ಹೇಳಿದ್ದು ಲೆಕ್ಕಕ್ಕೂ ಸರಿ. ಕಂಪ್ಯೂಟರ್ ಸದ್ದನ್ನು ಗಂಟುಗಂಟಾಗಿ ತೆಗೆದುಕೊಳ್ಳುತ್ತದೆ. ಆ ಗಂಟಿನ ಗಾತ್ರಕ್ಕೆ ಬಫರ್ ಅನ್ನುತ್ತಾರೆ. ಅಲ್ಲಿ ಬಫರ್ 1024 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ) ಇತ್ತು. ಸೆಕೆಂಡಿಗೆ 48,000 ಸ್ಯಾಂಪಲ್ ಅಂದರೆ ಒಂದು ಗಂಟು ತುಂಬಲು 21 ಮಿಲಿಸೆಕೆಂಡ್. ಒಳಗೆ ಬರಲು ಒಂದು, ಹೊರಗೆ ಹೋಗಲು ಒಂದು, ಒಟ್ಟು 42ಕ್ಕೂ ಜಾಸ್ತಿ. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ ಮಾಸ್ಟ್ರು ತಮ್ಮ ಪದವನ್ನು 14 ಮೀಟರ್ ಆಚೆ, ಅಂಗಳ ದಾಟಿ ತೋಟದ ಬೇಲಿ ಹತ್ತಿರ ನಿಂತು ಕೇಳಿದ ಹಾಗಾಯಿತು. ಹೀಗೆ ಕೇಳುತ್ತಾ ತಾಳ ಹಿಡಿಯಲು ಯಾರಿಗೂ ಆಗುವುದಿಲ್ಲ.

ರೀಪರ್‌ನಲ್ಲಿ ಇಂಟರ್‌ಫೇಸಿನ ಸ್ವಂತ ಆಸಿಯೋ ಡ್ರೈವರನ್ನೇ (ಸದ್ದನ್ನು ತಡ ಮಾಡದೆ ಸಾಗಿಸಲು ಮಾಡಿದ್ದು) ಆರಿಸಿ ಬಫರ್ 128ಕ್ಕೆ ಇಳಿಸಿದೆವು. ತಡ ಹೋಯಿತು, ಆದರೆ ಹಳೇ ಲ್ಯಾಪ್‌ಟಾಪಿಗೆ ಉಸಿರು ಕಟ್ಟಿ ಧ್ವನಿಯ ನಡುವೆ ಚಟಪಟ ಶುರುವಾಯಿತು. ಅದಕ್ಕೆ ಕಂಪ್ಯೂಟರಿನ ಸಹವಾಸವೇ ಬೇಡ ಅಂತ ಪೆಟ್ಟಿಗೆಯ ಮುಂದಿನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿಸಿದೆ. ಆಗ ಮೈಕಿನ ಸದ್ದು ಲ್ಯಾಪ್‌ಟಾಪಿಗೆ ಹೋಗಿ ಬರುವವರೆಗೆ ಕಾಯದೆ ಪೆಟ್ಟಿಗೆಯಿಂದಲೇ ಕಿವಿಗೆ ಬರುತ್ತದೆ. ಮೂರನೇ ಜನರೇಶನ್‌ನಲ್ಲಿ ಈ ಗುಂಡಿಗೆ ಮೋನೋ, ಸ್ಟೀರಿಯೋ ಎರಡೂ ಉಂಟು, ಒಂದೇ ಮೈಕ್ ಇದ್ದಾಗ ಮೋನೋ ಇಡಬೇಕು. ಇದನ್ನು ಒತ್ತಿದ ಮೇಲೆ ರೀಪರ್‌ನ ಟ್ರ್ಯಾಕಿನಲ್ಲಿರುವ ಮಾನಿಟರ್ ಗುಂಡಿಯನ್ನು ಆಫ್ ಮಾಡಲೇಬೇಕು. ಇಲ್ಲದಿದ್ದರೆ ನೇರ ಬಂದದ್ದೂ, ಸುತ್ತಿ ಬಂದದ್ದೂ ಸೇರಿ ಎರಡೆರಡು ಸಲ ಕೇಳಿಸುತ್ತದೆ. ಹಿಂದಿನ ಭಾಗವತ ಮತ್ತೆ ಬಂದು ಕೂರುತ್ತಾನೆ.

ಬಫರನ್ನು ವಾಪಸು 512ಕ್ಕೆ ಏರಿಸಿದೆವು. ಚಟಪಟ ನಿಂತಿತು.

ಗುಂಯ್ ಅನ್ನುವ ಸದ್ದು

ಇದಕ್ಕೆ ನಾನೇ ಹೋಗಬೇಕಾಯಿತು. ಹಾಡು ನಿಂತ ಕೂಡಲೇ ಹಿಂದೆ ಗುಂಯ್ ಅಂತ ಒಂದು ಸದ್ದು. ಮೈಕ್ ಸರಿಯಿಲ್ಲ ಅಂತ ಹುಡುಗ ಹೇಳಿದ.

ಇಂಥ ಕಡೆ ನಾನು ಮೊದಲು ಮಾಡುವುದು, 48 ವೋಲ್ಟ್ ಆಫ್ ಮಾಡಿ ಮೈಕಿನ ಕೇಬಲ್ ಕಳಚುವುದು. ಗುಂಯ್ ನಿಂತರೆ ಅದು ಮೈಕಿನಿಂದ ಅಥವಾ ಕೋಣೆಯಿಂದ ಬರುತ್ತಿದೆ: ಫ್ಯಾನು, ಫ್ರಿಜ್ಜು, ಹೊರಗಿನ ಪಂಪು. ನಿಲ್ಲದಿದ್ದರೆ ಅದು ಕರೆಂಟಿನದ್ದು. ಇಲ್ಲಿ ನಿಲ್ಲಲಿಲ್ಲ. ಮುಂದಿನದು, ಲ್ಯಾಪ್‌ಟಾಪಿನ ಚಾರ್ಜರ್ ಕಳಚಿ ಬ್ಯಾಟರಿಯಲ್ಲಿ ಓಡಿಸುವುದು. ಚಾರ್ಜರ್ ಎಳೆದ ಕೂಡಲೇ ಕೋಣೆ ನಿಶ್ಶಬ್ದ ಆಯಿತು. ಹುಡುಗನ ಮುಖ ನೋಡಬೇಕಿತ್ತು.

ಚಾರ್ಜರಿಗೆ ಮೂರು ಪಿನ್ನು ಉಂಟು, ಅದನ್ನು ಎರಡು ಪಿನ್ನಿನ ಎಕ್ಸ್‌ಟೆನ್ಶನ್ನಿಗೆ ಅಡಾಪ್ಟರ್ ಇಟ್ಟು ಸಿಕ್ಕಿಸಿದ್ದರು. ಅರ್ತಿಂಗ್ ಎಂಬುದೇ ಇಲ್ಲ. ನಮ್ಮಲ್ಲಿನ ಕರೆಂಟು 50 ಹರ್ಟ್ಸಿನದು, ಅದೂ ಅದರ ಮಡಿಗಳಾದ 100, 150 ಹರ್ಟ್ಸೂ ಹೀಗೆ ದಾರಿ ಸಿಕ್ಕಿದಲ್ಲಿ ನುಗ್ಗುತ್ತವೆ. ಚಾರ್ಜರನ್ನೂ ಉಳಿದದ್ದನ್ನೂ ಒಂದೇ ಮೂರು ಪಿನ್ನಿನ ಬೋರ್ಡಿಗೆ ತಂದೆವು. ಮುಕ್ಕಾಲು ಭಾಗ ಹೋಯಿತು. ಉಳಿದ ಕಾಲು ಭಾಗಕ್ಕೆ ಎಲೆಕ್ಟ್ರಿಶಿಯನ್ನನ್ನು ಕರೆಸಿ ಅರ್ತಿಂಗ್ ಗುಂಡಿ ನೋಡಿಸಿದರು. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಹೋಗುತ್ತದೆ, ಒಣಗಿದ ಮಣ್ಣಿನಲ್ಲಿ ಅರ್ತಿಂಗ್ ಹೆಸರಿಗಷ್ಟೇ. ಗುಂಡಿ ಸರಿ ಮಾಡಿಸಿ ನೀರು ಹಾಕುತ್ತಾ ಬಂದ ಮೇಲೆ ಸದ್ದು ಇಲ್ಲ ಅನ್ನುವಷ್ಟು ಇಳಿಯಿತು. ಈಗಲೂ ಒಳ್ಳೇ ಪದ ಇದ್ದರೆ ಹುಡುಗ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡುತ್ತಾನೆ. ಅದು ಒಳ್ಳೆಯದೇ.

ಗುಂಯ್ ಹೋಗಲಿ ಅಂತ ಕೆಲವರು ಚಾರ್ಜರಿನ ಅರ್ತ್ ಪಿನ್ನನ್ನೇ ಮುರಿಯುತ್ತಾರೆ. ಸದ್ದು ಹೋದರೂ ಹೋಗಬಹುದು, ಜೊತೆಗೆ ಜೀವವೂ ಹೋಗಬಹುದು. ಆ ಕೆಲಸಕ್ಕೆ ಕೈ ಹಾಕಬೇಡಿ. ಇನ್ವರ್ಟರಿನಲ್ಲಿ ಇದ್ದಾಗಲೂ ರೆಕಾರ್ಡಿಂಗ್ ಬೇಡ, ಅಗ್ಗದ ಇನ್ವರ್ಟರುಗಳ ಕರೆಂಟು ಬೇರೆಯೇ ಒಂದು ಕರಕರ ತರುತ್ತದೆ. ಇನ್ನು ಏಪ್ರಿಲ್, ಮೇ ತಿಂಗಳ ಸಂಜೆ ಮತ್ತು ಮಳೆಗಾಲ ಕಳೆದ ಮೇಲಿನ ಅಕ್ಟೋಬರ್, ನವೆಂಬರಿನ ಗುಡುಗು. ಆ ಹೊತ್ತಿನಲ್ಲಿ ಎಲ್ಲವನ್ನೂ ಗೋಡೆಯಿಂದ ಕಳಚಿಡಬೇಕು, ಇಂಟರ್ನೆಟ್ಟಿನ ವಯರ್ ಸಹಿತ. ಸ್ವಿಚ್ ಆಫ್ ಮಾಡಿದರೆ ಸಾಲದು.

ಕೋಣೆ

ಹುಡುಗ ಆರಿಸಿದ್ದು ಮಾಳಿಗೆಯ ಹೊಸ ಕೋಣೆ. ಟೆರೇಸು, ನುಣ್ಣನೆಯ ಗೋಡೆ, ಟೈಲ್ಸ್ ನೆಲ. ಒಳಗೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಟ್ರೊಯ್ಯ್ ಅಂತ ಬಾಲ ಬರುತ್ತಿತ್ತು. ಮೊಟ್ಟೆ ಟ್ರೇ ಅಂಟಿಸೋಣವಾ ಅಂತ ಕೇಳಿದ. ಬೇಡ ಅಂದೆ. ತೆಳ್ಳನೆಯ ರಟ್ಟು ಸದ್ದನ್ನು ಹೀರುವುದು ಅಷ್ಟಕ್ಕಷ್ಟೇ, ಮದ್ದಳೆಯ ಗುಂ ಅನ್ನುವ ಕೆಳಗಿನ ಸದ್ದಿಗಂತೂ ಅದು ಲೆಕ್ಕಕ್ಕೇ ಇಲ್ಲ. ದಪ್ಪ ಇರುವುದು, ಮೆತ್ತಗೆ ಇರುವುದು ಬೇಕು.

ಕೆಳಗಿನ ಹಳೇ ಕೋಣೆಗೆ ಇಳಿದೆವು. ಹಂಚಿನ ಮಾಡು, ಮರದ ಅಟ್ಟ, ಮೂಲೆಯಲ್ಲಿ ಮಡಚಿಟ್ಟ ಹತ್ತಿ ಹಾಸಿಗೆಗಳು. ಮಾಸ್ಟ್ರ ಬೆನ್ನ ಹಿಂದೆ ಆ ಹಾಸಿಗೆಗಳನ್ನು ನಿಲ್ಲಿಸಿದೆವು. ಮೈಕ್ ನೋಡುವುದು ಮಾಸ್ಟ್ರ ಕಡೆಗೆ ತಾನೇ? ಅವರ ಹಿಂದಿನ ಗೋಡೆಯಿಂದ ಬರುವುದನ್ನೇ ಅದು ಜಾಸ್ತಿ ಹಿಡಿಯುತ್ತದೆ. ಚಪ್ಪಾಳೆಯ ಬಾಲ ಕಡಿಮೆಯಾಯಿತು. ಆದರೆ ಮದ್ದಳೆ ಹೊಡೆದಾಗಲೆಲ್ಲ ಎಲ್ಲಿಂದಲೋ ಝರ್ ಅನ್ನುತ್ತಿತ್ತು. ಹುಡುಕಿದರೆ ಉಕ್ಕಿನ ಕಪಾಟಿನ ಹಿಡಿ. ಅದಕ್ಕೊಂದು ಹಳೇ ಪಂಚೆ ಸುತ್ತಿದೆವು.

ಹಂಚಿನ ಮಾಡಿಗೆ ಇನ್ನೊಂದು ಗುಣ ಉಂಟು, ಹೊರಗಿನದೆಲ್ಲ ಒಳಗೆ ಬರುತ್ತದೆ. ಸಂಜೆ ಜೀರುಂಡೆ, ಬೆಳಗ್ಗೆ ಕೋಳಿ, ಜೂನ್ ಬಂತೆಂದರೆ ಮಳೆ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುವ ಊರಿನಲ್ಲಿ ಮಳೆಗಾಲದ ರೆಕಾರ್ಡಿಂಗ್ ಅಂದರೆ ಹನಿ ಬಿಟ್ಟ ಹೊತ್ತು ಮಾತ್ರ. ಮಧ್ಯಾಹ್ನ ಶಾಂತ ಇರುತ್ತದೆ ಅಂತ ಹುಡುಗ ಹೇಳಿದ. ಊಟ ಮಾಡಿದ ಹೊಟ್ಟೆಯಲ್ಲಿ ಏರು ಪದ ಹೇಳಲು ಆಗ್ತದಾ ಅಂತ ಮಾಸ್ಟ್ರು ಗದರಿದರು. ಕೊನೆಗೆ ಕಾಫಿ ತಿಂಡಿ ಮುಗಿದು ಪಂಪು ನಿಲ್ಲಿಸಿದ ಮೇಲಿನ ಹೊತ್ತು ಗೊತ್ತಾಯಿತು.

ಜಾಗಟೆಗೆ ಮಟ್ಟ ಕಟ್ಟುವುದು

ನಿಜವಾದ ಕೆಲಸ ಇಲ್ಲಿತ್ತು. ಹೊಸಬರೆಲ್ಲ ಹಲೋ, ಹಲೋ ಅಂದು ಗೇನ್, ಅಂದರೆ ಮೈಕಿನ ಸದ್ದನ್ನು ಪೆಟ್ಟಿಗೆ ಎಷ್ಟು ಏರಿಸಬೇಕು ಅನ್ನುವುದನ್ನು, ಇಡುತ್ತಾರೆ. ಹಲೋಗೆ ಸರಿಯಾದ ಗೇನ್ ಪದಕ್ಕೆ ಜಾಸ್ತಿ, ಜಾಗಟೆಗಂತೂ ವಿಪರೀತ. ಈ ಪೆಟ್ಟಿಗೆಯಲ್ಲಿ ಗೇನ್ ತಿರುಪಿನ ಸುತ್ತ ಒಂದು ಬೆಳಕಿನ ಉಂಗುರ ಉಂಟು. ಸದ್ದು ಬಂದರೆ ಹಸಿರು, ಮಿತಿ ಹತ್ತಿರ ಬಂದರೆ ಕಿತ್ತಳೆ, ಮೀರಿದರೆ ಕೆಂಪು. ಮಾಸ್ಟ್ರು ಬಿಳಿ ನಾಲ್ಕರ (ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆಯ) ಶ್ರುತಿಯಲ್ಲಿ ಶುರು ಮಾಡಿದರು. ಧ್ವನಿಗೆ ಉಂಗುರ ಹಸಿರಾಗಿಯೇ ಇತ್ತು. ಮುಕ್ತಾಯಕ್ಕೆ ಜಾಗಟೆ ಬಿದ್ದದ್ದೇ ತಡ, ಫಕ್ಕನೆ ಕೆಂಪು. ಡಿಜಿಟಲ್‌ನಲ್ಲಿ 0 ಡಿಬಿ (ಡೆಸಿಬೆಲ್) ಅನ್ನುವುದೇ ಮೇಲಿನ ಮಿತಿ, ಅದನ್ನು ದಾಟಿದ ಸದ್ದಿನ ತಲೆ ಕತ್ತರಿಸಿ ಹೋಗುತ್ತದೆ, ಆಮೇಲೆ ಏನು ಮಾಡಿದರೂ ಅದು ಮೊದಲಿನ ಹಾಗೆ ಬರುವುದಿಲ್ಲ.

ಗೇನ್ ಇಳಿಸುವ ಮೊದಲು ಮೈಕಿನ ಜಾಗ ಬದಲಿಸಿದೆ. ಎದೆಯ ಎದುರು ಇದ್ದ ಮೈಕನ್ನು ಹಣೆಯ ಎತ್ತರಕ್ಕೆ ಏರಿಸಿ, ಬಾಯಿಯ ಕಡೆ ಸ್ವಲ್ಪ ಬಾಗಿಸಿ, ಒಂದೂವರೆ ಗೇಣು ದೂರ ಇಟ್ಟೆ. ಜಾಗಟೆಯನ್ನು ತೊಡೆಯ ಹತ್ತಿರ ಹಿಡಿಯಲು ಕೇಳಿಕೊಂಡೆ. ಈ ಬಗೆಯ ಮೈಕ್ ಎದುರಿನಿಂದ ಬಂದದ್ದನ್ನು ಪೂರ್ತಿ ಹಿಡಿಯುತ್ತದೆ, ಬದಿಯದ್ದನ್ನು ಕಡಿಮೆ, ಬೆನ್ನ ಹಿಂದಿನದ್ದನ್ನು ತೀರಾ ಕಡಿಮೆ. ಜಾಗಟೆ ದೂರವೂ ಆಯಿತು, ಮೈಕಿನ ನೇರ ದೃಷ್ಟಿಯಿಂದ ಆಚೆಗೂ ಹೋಯಿತು. ಆಮೇಲೆ ಅವರಿಗೆ ಗೊತ್ತಿರುವುದರಲ್ಲಿ ಅತಿ ಏರಿನ ಪದ ಹೇಳಿಸಿ, ಜಾಗಟೆಯನ್ನು ಆಟದಲ್ಲಿ ಹೊಡೆಯುವ ಹಾಗೇ ಹೊಡೆಸಿ, ಉಂಗುರ ಕೆಂಪಾಗದಲ್ಲಿಗೆ ತಿರುಪು ನಿಲ್ಲಿಸಿದೆ. ರೀಪರ್‌ನಲ್ಲಿ ಧ್ವನಿ −18 ಡಿಬಿ ಸುತ್ತ, ಜಾಗಟೆಯ ಪೆಟ್ಟು −8ರ ಹತ್ತಿರ.

"ಇಷ್ಟು ಸಣ್ಣ ಕಾಣ್ತದಲ್ಲ ಅಣ್ಣಾ" ಅಂತ ಹುಡುಗನಿಗೆ ಸಂಶಯ. ಪರದೆಯ ಮೇಲಿನ ಗೆರೆ ಸಣ್ಣದು, ಅಷ್ಟೇ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಇಷ್ಟು ಕೆಳಗಿದ್ದರೆ ಏನೂ ಹಾಳಾಗುವುದಿಲ್ಲ, ಆಮೇಲೆ ಏರಿಸಿಕೊಳ್ಳಬಹುದು. ಏರಿಸಿದಾಗ ಜೊತೆಗೆ ಏಳುವುದು ಜೀರುಂಡೆಯ ಸದ್ದೇ ಹೊರತು ಪೆಟ್ಟಿಗೆಯದ್ದಲ್ಲ.

ಮದ್ದಳೆ, ಶ್ರುತಿ

ಮದ್ದಳೆಗೆ ನನ್ನ ಮೈಕ್ ಸೆಟ್ಟಿನ ಒಂದು ಡೈನಾಮಿಕ್ ಮೈಕ್ ಕೊಟ್ಟೆ. 48 ವೋಲ್ಟಿನ ಗುಂಡಿ ಎರಡೂ ಇನ್‌ಪುಟ್ಟಿಗೆ ಒಂದೇ. ಸರಿಯಾದ ಎಕ್ಸ್‌ಎಲ್‌ಆರ್ ಕೇಬಲ್ ಇದ್ದರೆ ಡೈನಾಮಿಕ್ ಮೈಕಿಗೆ ಅದರಿಂದ ತೊಂದರೆ ಇಲ್ಲ.

ಮೊದಲು ಪದ, ಇನ್ನೊಂದು ದಿನ ಮದ್ದಳೆ, ಆಮೇಲೆ ಜೋಡಿಸೋಣ ಅಂತ ಹುಡುಗನ ಯೋಜನೆ. ಸಿನಿಮಾ ಹಾಡಿಗೆ ಅದು ಸರಿ. ಇಲ್ಲಿ ಮದ್ದಳೆಗಾರ ಭಾಗವತರ ಮುಖ ನೋಡಿ, ಕೈ ನೋಡಿ ನುಡಿಸುತ್ತಾನೆ. ಲಯ ಎಲ್ಲಿ ಹಿಗ್ಗುತ್ತದೆ, ಎಲ್ಲಿ ಬಿಗಿಯುತ್ತದೆ ಎಂದು ಮೊದಲೇ ಬರೆದಿಟ್ಟಿಲ್ಲ. ಟಿಕ್ ಟಿಕ್ ಅನ್ನುವ ಮೆಟ್ರೋನೋಮ್ ಕಿವಿಗೆ ಹಾಕಿದರೆ ಪದ ಸತ್ತೇ ಹೋಗುತ್ತದೆ. ಮಾಸ್ಟ್ರು ಒಪ್ಪಲಿಲ್ಲ, ನಾನೂ ಅವರ ಕಡೆಯೇ. ಇಬ್ಬರನ್ನೂ ಎದುರುಬದುರು ಕೂರಿಸಿದೆವು. ಒಂದು ಮೈಕಿನ ಬೆನ್ನು ಇನ್ನೊಬ್ಬರ ಕಡೆ ಬರುವ ಹಾಗೆ ತಿರುಗಿಸಿದೆವು. ಮದ್ದಳೆಯ ಮೈಕ್ ಮದ್ದಳೆಯಿಂದ ಎಷ್ಟು ದೂರವೋ, ಹಾಡಿನ ಮೈಕಿನಿಂದ ಕಡಿಮೆ ಅಂದರೂ ಅದರ ಮೂರು ಪಾಲು ದೂರ ಇರಬೇಕು. ಆದರೂ ಒಂದರೊಳಗೆ ಇನ್ನೊಂದು ಸ್ವಲ್ಪ ಬರುತ್ತದೆ. ಬರಲಿ. ಕೂಟದಲ್ಲಿ ಕೂತು ಕೇಳಿದ ಹಾಗೆ ಅನ್ನಿಸುವುದು ಅದರಿಂದಲೇ.

ಶ್ರುತಿಯನ್ನು ಹೆಡ್‌ಫೋನಿನಲ್ಲಿ ಮಾತ್ರ ಕೊಡುವುದು ಪುಸ್ತಕದ ಕ್ರಮ. ಮಾಸ್ಟ್ರು ಎರಡು ಪದಕ್ಕೆ ಹೆಡ್‌ಫೋನ್ ತೆಗೆದಿಟ್ಟರು, ಕಿವಿ ಮುಚ್ಚಿದರೆ ತನ್ನ ಧ್ವನಿ ತನಗೆ ಬೇರೆಯವರದ್ದು ಅನ್ನಿಸ್ತದೆ ಅಂದರು. ಶ್ರುತಿ ಪೆಟ್ಟಿಗೆಯನ್ನು ಕೋಣೆಯಲ್ಲೇ, ಹಾಡಿನ ಮೈಕಿನ ಬೆನ್ನ ಹಿಂದೆ, ಮೆಲ್ಲಗೆ ಇಟ್ಟೆವು. ಇದರಿಂದ ಒಂದು ಕಟ್ಟುಪಾಡು ಬಂತು. ನಡುವೆ ತಪ್ಪಿದರೆ ಆ ಸಾಲನ್ನು ಮಾತ್ರ ಕತ್ತರಿಸಿ ಹೊಸದು ಅಂಟಿಸಲು ಆಗುವುದಿಲ್ಲ, ಅಂಟಿಸಿದಲ್ಲಿ ಶ್ರುತಿ ಎಗರುತ್ತದೆ. ತಪ್ಪಿದರೆ ಪೂರ್ತಿ ಪದ ಮತ್ತೆ ಹೇಳಬೇಕು. ಮಾಸ್ಟ್ರಿಗೆ ಇದು ಕಷ್ಟ ಅನ್ನಿಸಲೇ ಇಲ್ಲ.

ಈಗ ಎಲ್ಲಿಗೆ ಬಂದಿದೆ

ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್, ಎರಡು ಮೋನೋ ಟ್ರ್ಯಾಕ್. ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಪ್ರತಿ ಪದಕ್ಕೂ ಪ್ರಸಂಗ, ರಾಗ, ತಾಳ, ಶ್ರುತಿ ಬರೆದು ಫೈಲಿನ ಹೆಸರು ಇಡುತ್ತಾರೆ. ಹುಡುಗನ ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿ, ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು. ನೆಂಟರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸುತ್ತಾರೆ, ಆಗ ಫೈಲು ಇದ್ದ ಹಾಗೇ ಹೋಗುತ್ತದೆ. ಮಳೆಗಾಲದಲ್ಲಿ ಮೈಕಿಗೆ ಬೂಸ್ಟು ಹಿಡಿಯದ ಹಾಗೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತಾರೆ. ಪೊಟ್ಟಣವನ್ನು ಆಗಾಗ ಬದಲಿಸಬೇಕು.

ಬಾಕಿ ಉಳಿದದ್ದು ಚೆಂಡೆ. ಪೆಟ್ಟಿಗೆಯ ಎರಡು ಇನ್‌ಪುಟ್ಟೂ ತುಂಬಿವೆ. ಆ ಕೋಣೆಯಲ್ಲಿ ತೆಂಕಿನ ಚೆಂಡೆ ಬಾರಿಸಿದರೆ ಹಾಡಿನ ಮೈಕಿನಲ್ಲಿ ಚೆಂಡೆ ಬಿಟ್ಟು ಬೇರೇನೂ ಕೇಳದು. ನಾಲ್ಕು ಮೈಕ್ ಹಾಕುವ ಇಂಟರ್‌ಫೇಸ್ ತೆಗೆದುಕೊಳ್ಳೋಣ ಅಂತ ಹುಡುಗ ಹೇಳುತ್ತಿದ್ದಾನೆ. ದುಡ್ಡು ಹಾಕುವ ಮೊದಲು ಮಳೆ ಬಿಟ್ಟ ಮೇಲೆ ಅಂಗಳದಲ್ಲಿ ಕೂತು ನೋಡೋಣ, ಚೆಂಡೆಗೆ ಮೈಕೇ ಬೇಡ, ಅದನ್ನು ನಾಲ್ಕು ಮಾರು ಹಿಂದೆ ನಿಲ್ಲಿಸಿದರೆ ಉಳಿದೆರಡು ಮೈಕಿಗೆ ಬರುವುದೇ ಸಾಕಾಗಬಹುದು ಅಂತ ನನ್ನ ಮಾತು. ಚೆಂಡೆಯವರಿಗೆ ಹೇಳಿ ಆಗಿದೆ.